ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ: ದೂರ ಎಷ್ಟು, ಹೊತ್ತು ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಮಗನೋ ಮಗಳೋ ಬೇ ಏರಿಯಾದಲ್ಲಿ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ, ಕೆಲಸದಲ್ಲಿದ್ದಾರೆ. ಅಪ್ಪ ಅಮ್ಮ ಮೊದಲ ಸಲ ಅಲ್ಲಿಗೆ ಹೊರಟಿದ್ದಾರೆ. ಸನ್ನಿವೇಲ್, ಫ್ರೀಮಾಂಟ್, ಸ್ಯಾನ್ ಹೋಸೆ ಕಡೆಯ ಕನ್ನಡ ಮನೆಗಳಲ್ಲಿ ವರ್ಷವಿಡೀ ನಡೆಯುವ ಮಾತಿದು. ಟಿಕೆಟ್ ತೆಗೆಯುವ ಮುಂಚೆ ಎಲ್ಲರೂ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಅವುಗಳಿಗೆ ಒಂದೇ ಕಡೆ ಉತ್ತರ ಸಿಗಲಿ ಎಂದು ಇದನ್ನು ಬರೆದಿದ್ದೇನೆ.

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ಕಿಲೋಮೀಟರ್?

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣಕ್ಕೆ ಅತಿ ಹತ್ತಿರದ ದಾರಿಯಲ್ಲಿ ಸುಮಾರು 13,990 ಕಿ.ಮೀ. ಮೈಲಿಯಲ್ಲಿ ಹೇಳುವುದಾದರೆ ಸುಮಾರು 8,700. ಭೂಮಿಯ ಮೇಲೆ ಯಾವುದೇ ಎರಡು ಊರುಗಳ ನಡುವೆ ಸುಮಾರು 20,000 ಕಿ.ಮೀ.ಗಿಂತ ಜಾಸ್ತಿ ದೂರ ಇರುವುದಕ್ಕೆ ಸಾಧ್ಯವೇ ಇಲ್ಲ, ಯಾಕೆಂದರೆ ಅದು ಭೂಮಿಯ ಅರ್ಧ ಸುತ್ತಳತೆ. ಅದರಲ್ಲಿ ಶೇಕಡಾ 70ರಷ್ಟನ್ನು ಈ ಒಂದೇ ಪ್ರಯಾಣ ನುಂಗುತ್ತದೆ.

ಆದರೆ ಈ ಅಂಕಿಯನ್ನು ಜಾಸ್ತಿ ತಲೆಗೆ ಹಚ್ಚಿಕೊಳ್ಳಬೇಡಿ. ಇದು ಎರಡು ನಿಲ್ದಾಣಗಳ ನಡುವೆ ಲೆಕ್ಕ ಹಾಕಿ ತೆಗೆದ ದೂರ. ವಿಮಾನ ಈ ಗೆರೆಯ ಮೇಲೇ ಹಾರುವುದಿಲ್ಲ. ಗಾಳಿ, ಬೆಟ್ಟ, ಬೇರೆ ಬೇರೆ ದೇಶಗಳ ಅನುಮತಿ, ಎಲ್ಲ ನೋಡಿ ದಾರಿ ಹಿಡಿಯುತ್ತದೆ. ಹಾಗಾಗಿ ನಿಜವಾಗಿ ಹಾರುವ ದೂರ ಪ್ರತಿದಿನವೂ ಬೇರೆ.

ಸರಿ, ಎಷ್ಟು ಗಂಟೆ ಆಗುತ್ತದೆ?

ಎಲ್ಲೂ ಇಳಿಯದೆ ಹೋದರೆ ಹೋಗುವಾಗ ಸುಮಾರು 16 ಗಂಟೆ, ಬರುವಾಗ 17ರಿಂದ 18 ಗಂಟೆ. ಮಧ್ಯೆ ಒಂದು ಕಡೆ ಇಳಿದು ಬೇರೆ ವಿಮಾನ ಹತ್ತಿದರೆ ಒಟ್ಟು 21ರಿಂದ 25 ಗಂಟೆ. ಕಾಯುವ ಹೊತ್ತು ಜಾಸ್ತಿ ಇದ್ದರೆ 30 ಗಂಟೆಯೂ ದಾಟಬಹುದು.

ಟಿಕೆಟ್‌ನಲ್ಲಿ ಬರೆದಿರುವ ಹೊತ್ತು ಬರೀ ಗಾಳಿಯಲ್ಲಿರುವ ಹೊತ್ತಲ್ಲ. ವಿಮಾನ ಗೇಟ್ ಬಿಟ್ಟ ಕ್ಷಣದಿಂದ ಆ ಊರಿನ ಗೇಟ್ ಮುಟ್ಟುವವರೆಗಿನ ಲೆಕ್ಕ ಅದು. ರನ್‌ವೇವರೆಗೆ ತೆವಳಿಕೊಂಡು ಹೋಗುವುದು, ಸರತಿಯಲ್ಲಿ ನಿಲ್ಲುವುದು ಎಲ್ಲ ಅದರಲ್ಲೇ ಸೇರಿರುತ್ತದೆ. ಅದಕ್ಕೇ ಅರ್ಧ ಗಂಟೆ ತಡವಾಗಿ ಹೊರಟ ವಿಮಾನ ಎಷ್ಟೋ ಸಲ ಸರಿಯಾದ ಹೊತ್ತಿಗೇ ತಲುಪುತ್ತದೆ.

ನಕ್ಷೆಯಲ್ಲಿ ಅಮೆರಿಕ ನಮ್ಮ ಎಡಗಡೆ ಇದೆ. ವಿಮಾನ ಬಲಗಡೆಗೆ ಯಾಕೆ ಹೋಗುತ್ತದೆ?

ಗೋಡೆಗೆ ತೂಗುಹಾಕುವ ನಕ್ಷೆ ಉಂಡೆ ಭೂಮಿಯನ್ನು ಚಪ್ಪಟೆ ಮಾಡಿ ಬರೆದದ್ದು. ಅದರಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದರೆ ಅರಬ್ಬಿ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ಅಂತ ಹೋಗುತ್ತದೆ. ಅದು ಹತ್ತಿರದ ದಾರಿಯಲ್ಲ.

ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಒಂದು ದಾರ ತಗೊಳ್ಳಿ. ಒಂದು ತುದಿಯನ್ನು ಬೆಂಗಳೂರಿನ ಮೇಲೆ, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ದಾರ ತಾನಾಗೇ ಹತ್ತಿರದ ದಾರಿಗೆ ಜಾರಿಕೊಳ್ಳುತ್ತದೆ. ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾದ ತುತ್ತತುದಿ, ಆಮೇಲೆ ಅಲಾಸ್ಕಾ ಕಡೆಯಿಂದ ಕೆಳಗಿಳಿದು ಕ್ಯಾಲಿಫೋರ್ನಿಯಾ. ಈ ಗೆರೆ 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರುತ್ತದೆ, ಅಂದರೆ ಆರ್ಕ್ಟಿಕ್ ವೃತ್ತದ ಒಳಗೆ. ಬೆಂಗಳೂರಿನಿಂದ ಹೊರಡುವಾಗಲೇ ದಿಕ್ಕು ಉತ್ತರಕ್ಕೆ, ಚೂರು ಪೂರ್ವಕ್ಕೆ ವಾಲಿಕೊಂಡು ಇರುತ್ತದೆ.

ಎರಡೂ ಊರುಗಳು ಭೂಮಿಯ ಹೆಚ್ಚುಕಮ್ಮಿ ಎದುರುಬದುರು ಬದಿಗಳಲ್ಲಿವೆ. ಹಾಗಾಗಿ ಪೂರ್ವ, ಪಶ್ಚಿಮ, ಉತ್ತರ ಯಾವ ಕಡೆಯಿಂದ ಹೋದರೂ ತಲುಪಬಹುದು. ಈ ದಾರಿಯಲ್ಲಿ ಇಷ್ಟೊಂದು ಆಯ್ಕೆಗಳು ಇರುವುದಕ್ಕೆ ಇದೇ ಕಾರಣ.

ಹತ್ತಿರದ ದಾರಿ ಗೊತ್ತಿದ್ದರೂ ವಿಮಾನ ಅದನ್ನು ಯಾಕೆ ಹಿಡಿಯುವುದಿಲ್ಲ?

ದಾರಿಯಲ್ಲಿ ಟಿಬೆಟ್ ಇದೆ. ಅಲ್ಲಿನ ನೆಲವೇ ಸರಾಸರಿ 4,500 ಮೀಟರ್‌ಗಿಂತ ಎತ್ತರ. ಕ್ಯಾಬಿನ್ ಒಳಗಿನ ಗಾಳಿಯ ಒತ್ತಡ ಏಕಾಏಕಿ ಕಡಿಮೆಯಾದರೆ ಪೈಲಟ್ ತಕ್ಷಣ ವಿಮಾನವನ್ನು ಸುಮಾರು 3,000 ಮೀಟರ್‌ಗೆ ಇಳಿಸಬೇಕು, ಆಗಲೇ ಎಲ್ಲರೂ ಮಾಸ್ಕ್ ಇಲ್ಲದೆ ಉಸಿರಾಡಬಹುದು. ಪ್ರಯಾಣಿಕರ ತಲೆಯ ಮೇಲಿಂದ ಬೀಳುವ ಆಮ್ಲಜನಕದ ಮಾಸ್ಕ್ ಸಾಮಾನ್ಯವಾಗಿ 12ರಿಂದ 20 ನಿಮಿಷ ಬರುತ್ತದೆ, ಅಷ್ಟೇ. ಕೆಳಗೆ 4,500 ಮೀಟರಿನ ಬೆಟ್ಟ ಇದ್ದರೆ 3,000ಕ್ಕೆ ಇಳಿಯುವುದು ಹೇಗೆ? ಅದಕ್ಕೇ ಹೆಚ್ಚಿನ ವಿಮಾನಗಳು ಆ ಭಾಗವನ್ನು ಬಳಸಿಕೊಂಡು ಹೋಗುತ್ತವೆ.

ಇದು ಹೆದರುವ ವಿಷಯ ಅಲ್ಲ. ಇಂಥದ್ದನ್ನೆಲ್ಲ ಮುಂಚೆಯೇ ಯೋಚಿಸಿ ದಾರಿ ಹಾಕುತ್ತಾರಲ್ಲ ಅನ್ನುವುದೇ ನನಗೆ ದೊಡ್ಡ ಸಮಾಧಾನ.

ಹೋಗುವಾಗ ಬೇಗ, ಬರುವಾಗ ನಿಧಾನ. ಯಾಕೆ?

ಗಾಳಿಯಿಂದ. ಇಡೀ ಪ್ರಯಾಣದಲ್ಲಿ ಕಿಲೋಮೀಟರಿಗಿಂತ ಮುಖ್ಯವಾದದ್ದು ಇದೇ.

ನೆಲದಿಂದ 9ರಿಂದ 12 ಕಿ.ಮೀ. ಎತ್ತರದಲ್ಲಿ, ಅಂದರೆ ವಿಮಾನ ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಜೋರಾದ ಗಾಳಿಯ ಪಟ್ಟಿ ಬೀಸುತ್ತಿರುತ್ತದೆ. ಇದನ್ನು ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಚಳಿಗಾಲದಲ್ಲಿ ಇದರ ಬಿರುಸು ಜಾಸ್ತಿ. ಜಪಾನ್ ಸುತ್ತಮುತ್ತ ಗಂಟೆಗೆ 300 ಕಿ.ಮೀ. ದಾಟುವುದೂ ಉಂಟು. ಬೋಯಿಂಗ್ 777ರಂಥ ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. ಹಿಂದಿನಿಂದ 150 ಕಿ.ಮೀ. ವೇಗದ ಗಾಳಿ ತಳ್ಳಿದರೆ ನೆಲದ ಲೆಕ್ಕದಲ್ಲಿ ಅದು 1,050 ಆಗುತ್ತದೆ. ಅದೇ ಗಾಳಿ ಎದುರಿಗೆ ಬಂದರೆ 750ಕ್ಕೆ ಇಳಿಯುತ್ತದೆ. 14,000 ಕಿ.ಮೀ. ದಾರಿಯಲ್ಲಿ ಈ ಎರಡರ ನಡುವಿನ ವ್ಯತ್ಯಾಸ ಐದು ಗಂಟೆಗೂ ಮೀರುತ್ತದೆ. ಇಡೀ ದಾರಿಯಲ್ಲಿ ಒಂದೇ ಸಮನೆ ಗಾಳಿ ಇರುವುದಿಲ್ಲ, ನಿಜ. ಆದರೂ ಇದರ ಶಕ್ತಿ ಎಷ್ಟು ಅಂತ ಅಂದಾಜು ಸಿಗುತ್ತದೆ ಅಲ್ವಾ?

ಇದಕ್ಕೆ ಒಳ್ಳೆಯ ಉದಾಹರಣೆ ದೆಹಲಿಯದು. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ಬದಲು ಪೆಸಿಫಿಕ್ ಸಾಗರದ ಮೇಲೆ ಕಳಿಸಿತು. ಹಳೆಯ ದಾರಿ ಸುಮಾರು 13,900 ಕಿ.ಮೀ. ಇತ್ತು. ಹೊಸದು 15,300 ಕಿ.ಮೀ. ದಾರಿ 1,400 ಕಿ.ಮೀ. ಉದ್ದವಾಯಿತು, ಆದರೂ ವಿಮಾನ ಹದಿನಾಲ್ಕೂವರೆ ಗಂಟೆಯಲ್ಲೇ ತಲುಪಿತು. ಹಿಂದಿಗಿಂತ ಹತ್ತಿರ ಹತ್ತಿರ ಎರಡು ಗಂಟೆ ಮುಂಚೆ! ಎದುರುಗಾಳಿ ಬಿಟ್ಟು ಹಿಂಗಾಳಿ ಹಿಡಿದದ್ದೇ ಕಾರಣ. "ಎಷ್ಟು ಕಿಲೋಮೀಟರ್" ಅನ್ನುವುದಕ್ಕಿಂತ "ಎಷ್ಟು ಹೊತ್ತು" ಅಂತ ಕೇಳಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಉತ್ತರ ಧ್ರುವದ ಮೇಲೆ ಹೋಗುತ್ತದಂತೆ, ನಿಜಾನಾ?

ನಿಜ, ಮುಖ್ಯವಾಗಿ ವಾಪಸ್ ಬರುವಾಗ. ಪೆಸಿಫಿಕ್ ಮೇಲಿನ ಎದುರುಗಾಳಿಯಿಂದ ತಪ್ಪಿಸಿಕೊಳ್ಳುವುದಕ್ಕೆ ವಿಮಾನ ಉತ್ತರಕ್ಕೆ ಏರಿ, ಧ್ರುವ ಪ್ರದೇಶ ದಾಟಿ, ರಷ್ಯಾ ಕಡೆಯಿಂದ ಕೆಳಗಿಳಿಯುತ್ತದೆ.

ಬೆಂಗಳೂರಿನವರಿಗೆ ಇದರಲ್ಲಿ ಹೆಮ್ಮೆಪಡುವ ಒಂದು ಘಟನೆ ಇದೆ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟ ಏರ್ ಇಂಡಿಯಾದ ಬೋಯಿಂಗ್ 777-200ಎಲ್‌ಆರ್ ವಿಮಾನ ಧ್ರುವ ಪ್ರದೇಶ ದಾಟಿಕೊಂಡು ಜನವರಿ 11ರ ನಸುಕಿನಲ್ಲಿ ಬೆಂಗಳೂರಿಗೆ ಬಂದಿಳಿಯಿತು. ಎರಡು ಊರುಗಳ ನಡುವಿನ ಮೊದಲ ನಾನ್‌ಸ್ಟಾಪ್ ಸೇವೆ ಅದು. ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಹೆಣ್ಣುಮಕ್ಕಳು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳು. ಜೊತೆಗೆ ಕ್ಯಾಪ್ಟನ್ ಪಾಪಗಾರಿ ತನ್ಮಯಿ, ಕ್ಯಾಪ್ಟನ್ ಆಕಾಂಕ್ಷಾ ಸೋನಾವರೆ, ಕ್ಯಾಪ್ಟನ್ ಶಿವಾನಿ ಮನ್ಹಾಸ್. ಇಂಥ ಉದ್ದದ ಹಾರಾಟಕ್ಕೆ ನಾಲ್ವರು ಪೈಲಟ್‌ಗಳು ಬೇಕು. ಇಬ್ಬರು ಹಾರಿಸುವಾಗ ಇನ್ನಿಬ್ಬರು ಮಲಗಿ ವಿಶ್ರಾಂತಿ ತಗೊಳ್ಳುತ್ತಾರೆ.

ಧ್ರುವದ ದಾರಿಯಲ್ಲಿ ಹೊರಗಿನ ಚಳಿಯೂ ಒಂದು ಲೆಕ್ಕವೇ. ವಿಮಾನದ ಇಂಧನದಲ್ಲಿ ಜೆಟ್ ಎ ಎಂಬುದು ಮೈನಸ್ 40 ಡಿಗ್ರಿಯಲ್ಲಿ, ಜೆಟ್ ಎ-1 ಎಂಬುದು ಮೈನಸ್ 47ರಲ್ಲಿ ಗಟ್ಟಿಯಾಗತೊಡಗುತ್ತದೆ. ಪೈಲಟ್‌ಗಳು ಟ್ಯಾಂಕಿನ ತಾಪಮಾನ ನೋಡುತ್ತಲೇ ಇರುತ್ತಾರೆ. ತೀರಾ ಇಳಿದರೆ ಎತ್ತರ ಬದಲಿಸುತ್ತಾರೆ, ಇಲ್ಲವೇ ವೇಗ ಸ್ವಲ್ಪ ಹೆಚ್ಚಿಸುತ್ತಾರೆ.

ಇಷ್ಟು ಜನ ಓಡಾಡುವ ದಾರಿ. ನಾನ್‌ಸ್ಟಾಪ್ ವಿಮಾನ ಯಾಕೆ ಇಷ್ಟು ಕಡಿಮೆ?

ಮೂರು ಕಾರಣ ಹೇಳಬಹುದು.

ಮೊದಲನೆಯದು ತೂಕ. ದೂರ ಹೋಗುವುದಕ್ಕೆ ಇಂಧನ ಬೇಕು, ಆ ಇಂಧನ ಹೊತ್ತುಕೊಂಡು ಹೋಗುವುದಕ್ಕೆ ಮತ್ತಷ್ಟು ಇಂಧನ ಬೇಕು. 777-200ಎಲ್‌ಆರ್ ಗರಿಷ್ಠ ಸುಮಾರು 347 ಟನ್ ತೂಕದಲ್ಲಿ ಮೇಲೇಳಬಲ್ಲದು. ಅದರಲ್ಲಿ 145 ಟನ್‌ನಷ್ಟು ಇಂಧನವೇ ಇರಬಹುದು. ಎದುರುಗಾಳಿ ಜೋರಾಗಿದ್ದ ದಿನ ತೂಕ ಹೊಂದಿಸುವುದಕ್ಕೆ ಕೆಲವು ಸೀಟು ಖಾಲಿ ಬಿಡುವುದೂ, ಸರಕು ಕಡಿಮೆ ಮಾಡುವುದೂ ಇಂಥ ದಾರಿಗಳಲ್ಲಿ ಮಾಮೂಲು. ಕಂಪನಿಗೆ ಅದು ನಷ್ಟ.

ಎರಡನೆಯದು ನಮ್ಮ ಊರಿನ ಎತ್ತರ. ದೇವನಹಳ್ಳಿ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಮೇಲಿದೆ. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳು. ತೆಳು ಗಾಳಿಯಲ್ಲಿ ರೆಕ್ಕೆಗೂ ಎಂಜಿನ್ನಿಗೂ ಬಲ ಕಡಿಮೆ. ಬಿಸಿಲು ಇದ್ದರಂತೂ ಇನ್ನೂ ಕಷ್ಟ. ಅಲ್ಲಿನ ಎರಡೂ ರನ್‌ವೇಗಳು 4,000 ಮೀಟರ್ ಉದ್ದ ಇವೆ, ಅದು ದೊಡ್ಡ ಅನುಕೂಲ. ಆದರೂ ಕಡಲತೀರದ ಸ್ಯಾನ್ ಫ್ರಾನ್ಸಿಸ್ಕೋದಿಂದ ಏಳುವುದಕ್ಕೂ ಇಲ್ಲಿಂದ ಏಳುವುದಕ್ಕೂ ವ್ಯತ್ಯಾಸ ಇದ್ದೇ ಇದೆ.

ಮೂರನೆಯದು ಆಕಾಶದ ಗಡಿ. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕದ ಮತ್ತು ಯುರೋಪಿನ ಬಹುತೇಕ ವಿಮಾನ ಕಂಪನಿಗಳಿಗೆ ರಷ್ಯಾದ ಮೇಲೆ ಹಾರುವಂತಿಲ್ಲ. ಭಾರತದ, ಕೊಲ್ಲಿ ದೇಶಗಳ ವಿಮಾನಗಳಿಗೆ ಆ ತಡೆ ಇಲ್ಲ. ಯುನೈಟೆಡ್ ಏರ್‌ಲೈನ್ಸ್ 2020ರಲ್ಲೇ ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ವಿಮಾನ ಘೋಷಿಸಿತ್ತು. ಅಮೆರಿಕನ್ ಏರ್‌ಲೈನ್ಸ್ ಸಿಯಾಟಲ್–ಬೆಂಗಳೂರು ಎಂದಿತ್ತು. ಎರಡೂ ಹಾರಲಿಲ್ಲ. ಮೊದಲು ಕೋವಿಡ್ ಅಡ್ಡ ಬಂತು, ಅದು ಮುಗಿಯುವ ಹೊತ್ತಿಗೆ ರಷ್ಯಾದ ಆಕಾಶ ಮುಚ್ಚಿತು.

ಏರ್ ಇಂಡಿಯಾದ ಸೇವೆಯೂ ಮಧ್ಯೆ ನಿಂತು 2022ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾಗಿತ್ತು. ಹಾಗಾಗಿ "ಪಕ್ಕದ ಮನೆಯವರು ಹೋದ ವರ್ಷ ನಾನ್‌ಸ್ಟಾಪ್‌ನಲ್ಲೇ ಹೋಗಿದ್ರು" ಅನ್ನುವ ಮಾತಿನ ಮೇಲೆ ಯೋಜನೆ ಹಾಕಬೇಡಿ. ನೀವು ಟಿಕೆಟ್ ನೋಡುವ ದಿನ ಅದು ಪಟ್ಟಿಯಲ್ಲಿ ಇದೆಯಾ ಅಂತ ನೋಡಿ, ಆಮೇಲೆ ಮುಂದಿನ ಮಾತು.

ಡೈರೆಕ್ಟ್ ಅಂದರೂ ನಾನ್‌ಸ್ಟಾಪ್ ಅಂದರೂ ಒಂದೇ ಅಲ್ವಾ?

ಅಲ್ಲ. ನಾನ್‌ಸ್ಟಾಪ್ ಅಂದರೆ ಮಧ್ಯೆ ಎಲ್ಲೂ ಇಳಿಯುವುದಿಲ್ಲ. ಡೈರೆಕ್ಟ್ ವಿಮಾನ ಒಂದೇ ನಂಬರಿನಲ್ಲಿ ಹೋದರೂ ಮಧ್ಯೆ ಒಂದು ಕಡೆ ಇಳಿಯಬಹುದು. ಟ್ರಾವೆಲ್ ಏಜೆಂಟ್ "ಡೈರೆಕ್ಟ್ ಇದೆ ಸರ್" ಅಂದರೆ "ನಿಲ್ಲೋದು ಎಲ್ಲಾದ್ರೂ ಇದೆಯಾ?" ಅಂತ ಬಾಯಿಬಿಟ್ಟು ಕೇಳಿ.

ಒಂದು ಕಡೆ ಇಳಿದು ಹೋಗುವುದಾದರೆ ಯಾವ ದಾರಿ ಹತ್ತಿರ?

ಹೆಚ್ಚಿನವರು ದುಬೈ, ದೋಹಾ ಅಥವಾ ಯುರೋಪ್ ಕಡೆಯ ಟಿಕೆಟ್ಟನ್ನೇ ಮೊದಲು ನೋಡುತ್ತಾರೆ. ದೂರದ ಲೆಕ್ಕದಲ್ಲಿ ನೋಡಿದರೆ ಪೂರ್ವದ ಟೋಕಿಯೋ, ಹಾಂಗ್‌ಕಾಂಗ್ ದಾರಿಗಳೇ ಚಿಕ್ಕವು.

ಟೋಕಿಯೋದ ನರಿಟಾ ಮೂಲಕ ಹೋದರೆ ಮೊದಲ ಹಾರಾಟ ಸುಮಾರು 6,700 ಕಿ.ಮೀ., ಎರಡನೆಯದು 8,200. ಒಟ್ಟು 15,000ದೊಳಗೆ. ನಾನ್‌ಸ್ಟಾಪ್ ದೂರಕ್ಕಿಂತ ಒಂದು ಸಾವಿರ ಕಿ.ಮೀ. ಅಷ್ಟೇ ಜಾಸ್ತಿ. ಹಾಂಗ್‌ಕಾಂಗ್ ಮೂಲಕವೂ ಅಷ್ಟೇ, ಒಟ್ಟು ಸುಮಾರು 15,100. ದುಬೈ ಮೂಲಕ ಸುಮಾರು 15,700. ಫ್ರಾಂಕ್‌ಫರ್ಟ್ ಮೂಲಕ 16,500. ಸಿಂಗಾಪುರ ಮೂಲಕ 16,800ರ ಹತ್ತಿರ.

ಹೊತ್ತಿನ ಲೆಕ್ಕ ಬೇರೆ. ದುಬೈಗೆ ನಾಲ್ಕು ಗಂಟೆ, ಅಲ್ಲಿಂದ 16 ಗಂಟೆ ಒಂದೇ ಸಮನೆ. ಫ್ರಾಂಕ್‌ಫರ್ಟ್‌ಗೆ ಹತ್ತು ಗಂಟೆ, ಅಲ್ಲಿಂದ ಹನ್ನೊಂದೂವರೆ. ಟೋಕಿಯೋಗೆ ಸುಮಾರು ಎಂಟು, ಅಲ್ಲಿಂದ ಒಂಬತ್ತೂವರೆ. ಒಟ್ಟು ಗಂಟೆ ಎಷ್ಟು ಅಂತ ಮಾತ್ರ ನೋಡದೆ ಅದು ಹೇಗೆ ಹಂಚಿಹೋಗಿದೆ ಅಂತಲೂ ನೋಡಿ. ಮಂಡಿ ನೋವು, ಬೆನ್ನು ನೋವು ಇರುವವರಿಗೆ 16 ಗಂಟೆ ಕೂರುವುದಕ್ಕಿಂತ ಹತ್ತು, ಹನ್ನೊಂದು ಅಂತ ಎರಡು ಪಾಲು ಆಗಿರುವುದು ಎಷ್ಟೋ ವಾಸಿ. ಬದಲಿಗೆ ನಿಲ್ದಾಣದಲ್ಲಿ ಗೇಟ್ ಹುಡುಕಿಕೊಂಡು ಓಡಾಡುವುದೇ ದಿಗಿಲು ಅನ್ನುವವರಿಗೆ ನಾನ್‌ಸ್ಟಾಪ್ ಸಿಕ್ಕರೆ ಅದೇ ಒಳ್ಳೆಯದು. ಇದನ್ನು ಮಕ್ಕಳು ತೀರ್ಮಾನ ಮಾಡುವುದಕ್ಕಿಂತ ಅಪ್ಪ ಅಮ್ಮನನ್ನೇ ಕೇಳುವುದು ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಎರಡು ಕಡೆ ಇಳಿಯುವ ಟಿಕೆಟ್ ಅಗ್ಗವಾಗಿ ಕಾಣಬಹುದು. ವಯಸ್ಸಾದವರಿಗೆ ಅದು ಬೇಡ.

ಒಂದು ಮಾತು: 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ಇಂಥ ತಡೆ ಇರುವಷ್ಟು ದಿನ ಉತ್ತರ ಭಾರತದಿಂದ ಪಶ್ಚಿಮಕ್ಕೆ ಹೋಗುವ ನಮ್ಮ ಕಂಪನಿಗಳ ಹಾರಾಟದ ಹೊತ್ತು ಜಾಸ್ತಿಯಾಗುತ್ತದೆ. ದೆಹಲಿ ಮೂಲಕ ಹೋಗುವವರು ಇದನ್ನೂ ನೋಡಿಕೊಳ್ಳಿ.

ಮಧ್ಯೆ ಕಾಯುವ ಹೊತ್ತು ಎಷ್ಟಿರಬೇಕು?

ಎರಡೂವರೆಯಿಂದ ನಾಲ್ಕು ಗಂಟೆ. ಒಂದು ಗಂಟೆ ಹತ್ತು ನಿಮಿಷದ ಟಿಕೆಟ್ಟನ್ನೂ ಮಾರುತ್ತಾರೆ, ಆದರೆ ದೊಡ್ಡ ನಿಲ್ದಾಣಗಳಲ್ಲಿ ಮತ್ತೆ ಸೆಕ್ಯೂರಿಟಿ ತಪಾಸಣೆ, ರೈಲಿನಲ್ಲಿ ಬೇರೆ ಟರ್ಮಿನಲ್‌ಗೆ ಹೋಗುವುದು, ಇದೆಲ್ಲ ಇರುತ್ತದೆ.

ಅಮೆರಿಕದ ಒಳಗೇ ಮೊದಲು ಶಿಕಾಗೋ ಅಥವಾ ನ್ಯೂಯಾರ್ಕ್‌ನಲ್ಲಿ ಇಳಿದು ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವುದಾದರೆ ಕನಿಷ್ಠ ಮೂರು ಗಂಟೆ ಬಿಡಿ. ಅಮೆರಿಕದಲ್ಲಿ ಮೊದಲು ಕಾಲಿಡುವ ಊರಲ್ಲೇ ಇಮಿಗ್ರೇಷನ್ ಮುಗಿಸಿ, ಲಗೇಜ್ ತಗೊಂಡು, ಕಸ್ಟಮ್ಸ್ ದಾಟಿ, ಲಗೇಜ್ಜನ್ನು ಮತ್ತೆ ಬೆಲ್ಟಿಗೆ ಹಾಕುವುದು ಮಾಮೂಲು ಪದ್ಧತಿ. ಅಬುಧಾಬಿ ಇದಕ್ಕೆ ಹೊರತು. ಅಮೆರಿಕದ ಇಮಿಗ್ರೇಷನ್ ಅಲ್ಲೇ, ವಿಮಾನ ಹತ್ತುವ ಮುಂಚೆಯೇ ಮುಗಿಯುತ್ತದೆ.

ಎಲ್ಲ ಹಾರಾಟಗಳೂ ಒಂದೇ ಪಿಎನ್‌ಆರ್‌ನಲ್ಲಿ ಇರಲಿ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಆಗ ಕಂಪನಿಯೇ ಬೇರೆ ವಿಮಾನದಲ್ಲಿ ಕೂರಿಸಬೇಕು. ಬೇರೆ ಬೇರೆ ಟಿಕೆಟ್ ಆದರೆ ಅದು ನಿಮ್ಮ ತಲೆನೋವು. ಟ್ರಾನ್ಸಿಟ್ ವೀಸಾ, ಅಂದರೆ ಮಧ್ಯೆ ಇಳಿದು ವಿಮಾನ ಬದಲಿಸುವ ದೇಶದ ವೀಸಾ, ಅದರ ನಿಯಮಗಳು ದೇಶದಿಂದ ದೇಶಕ್ಕೆ ಬೇರೆ, ಬದಲಾಗುತ್ತಲೂ ಇರುತ್ತವೆ. ಟಿಕೆಟ್‌ಗೆ ದುಡ್ಡು ಕಟ್ಟುವ ಮುಂಚೆ ಆಯಾ ದೇಶದ ಅಧಿಕೃತ ತಾಣದಲ್ಲಿ ನೋಡಿ.

ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ಸಂಜೆ ತಲುಪುವುದು ಹೇಗೆ?

ಗಡಿಯಾರದ ವ್ಯತ್ಯಾಸ. ಕ್ಯಾಲಿಫೋರ್ನಿಯಾದ ಸಮಯ ನಮಗಿಂತ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ. ಬೆಂಗಳೂರಿನಲ್ಲಿ ಮಧ್ಯಾಹ್ನ 2 ಗಂಟೆಗೆ ಹೊರಟು 16 ಗಂಟೆ ಹಾರಿದರೆ ನಮ್ಮ ಗಡಿಯಾರದಲ್ಲಿ ಮರುದಿನ ಬೆಳಗ್ಗೆ 6. ಅಲ್ಲಿ ಆಗ ಹೊರಟ ದಿನದ್ದೇ ಸಂಜೆ ಐದೂವರೆ, ಚಳಿಗಾಲವಾದರೆ ನಾಲ್ಕೂವರೆ.

ಬರುವಾಗ ಇದರ ತದ್ವಿರುದ್ಧ. 10ನೇ ತಾರೀಕು ರಾತ್ರಿ ಎಂಟೂವರೆಗೆ ಹೊರಟರೆ ಇಲ್ಲಿ ಇಳಿಯುವುದು 12ರ ನಸುಕಿನಲ್ಲಿ. 11ನೇ ತಾರೀಕು ಹೆಚ್ಚುಕಮ್ಮಿ ಮಾಯ. ಬೆಂಗಳೂರಿನಲ್ಲಿ ಮದುವೆ, ಗೃಹಪ್ರವೇಶ ಅಂತ ಬರುವವರು ಈ ಒಂದು ದಿನವನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ತಾರೀಕಿನ ಇನ್ನೊಂದು ಗೊಂದಲ ಇದಕ್ಕಿಂತ ಕೆಟ್ಟದು. ಬೆಂಗಳೂರಿನಿಂದ ಯುರೋಪ್, ಕೊಲ್ಲಿ ಕಡೆಗೆ ಹೋಗುವ ಎಷ್ಟೋ ವಿಮಾನಗಳು ಮಧ್ಯರಾತ್ರಿ ಕಳೆದ ಮೇಲೆ ಹೊರಡುತ್ತವೆ. ಟಿಕೆಟ್‌ನಲ್ಲಿ "12, 01:30" ಎಂದಿದ್ದರೆ 11ನೇ ತಾರೀಕು ರಾತ್ರಿ ಊಟ ಮಾಡಿಕೊಂಡು ಮನೆ ಬಿಡಬೇಕು ಅಂತ ಅರ್ಥ. 12ರ ರಾತ್ರಿ ಹೋದರೆ ವಿಮಾನ ಹೋಗಿ ಒಂದು ದಿನ ಆಗಿರುತ್ತದೆ. ಕ್ಯಾಲೆಂಡರ್‌ನಲ್ಲಿ 11ರ ಮನೆಯಲ್ಲೇ ದೊಡ್ಡದಾಗಿ ಬರೆದಿಡಿ.

ಅಲ್ಲಿನ ಹೊತ್ತನ್ನು ಬಾಯಿಲೆಕ್ಕದಲ್ಲಿ ಹೇಳುವುದು ಹೇಗೆ?

ಬೇಸಿಗೆಯಲ್ಲಿ ನಮ್ಮ ಹೊತ್ತಿನಿಂದ ಅರ್ಧ ಗಂಟೆ ಕಳೆಯಿರಿ, ಹಗಲನ್ನು ರಾತ್ರಿ ಮಾಡಿ. ಇಲ್ಲಿ ಬೆಳಗ್ಗೆ 7 ಅಂದರೆ ಅಲ್ಲಿ ಹಿಂದಿನ ದಿನ ಸಂಜೆ ಆರೂವರೆ. ಚಳಿಗಾಲದಲ್ಲಿ ಒಂದೂವರೆ ಗಂಟೆ ಕಳೆಯಿರಿ, ಸಂಜೆ ಐದೂವರೆ. ಅಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ನವೆಂಬರ್‌ನ ಮೊದಲ ಭಾನುವಾರ ಹಿಂದೆ ಬರುತ್ತದೆ.

ನಾವು ಮೈಸೂರಿನವರು. ಮನೆಯಿಂದ ಮನೆಗೆ ಎಷ್ಟು ಹೊತ್ತು ಹಿಡಿಯಬೇಕು?

ಮೈಸೂರಿನಿಂದ ದೇವನಹಳ್ಳಿಗೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಇದೆ. ಬೆಂಗಳೂರಿನ ಟ್ರಾಫಿಕ್ ಸೇರಿ ನಾಲ್ಕೈದು ಗಂಟೆ ಹಿಡಿಯಿರಿ. ವಿಮಾನ ಹೊರಡುವ ಮೂರು ಗಂಟೆ ಮುಂಚೆ ನಿಲ್ದಾಣದಲ್ಲಿ ಇರಬೇಕು. ಆಮೇಲೆ ಒಂದು ಕಡೆ ಇಳಿದು ಹೋಗುವ ಪ್ರಯಾಣ 23 ಗಂಟೆ. ಅಲ್ಲಿ ಇಳಿದು ಹೊರಗೆ ಬರುವುದಕ್ಕೆ ಒಂದರಿಂದ ಎರಡು ಗಂಟೆ. ಅಲ್ಲಿಂದ ಸನ್ನಿವೇಲ್ ಅಥವಾ ಫ್ರೀಮಾಂಟ್‌ಗೆ ಕಾರಿನಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಸಂಜೆ ಟ್ರಾಫಿಕ್‌ನಲ್ಲಿ ಇನ್ನೂ ಜಾಸ್ತಿ. ಕೂಡಿದರೆ 32ರಿಂದ 34 ಗಂಟೆ ಆಗುತ್ತದೆ. ಇದು ನಿಜವಾದ ಪ್ರಯಾಣದ ಹೊತ್ತು. ಟಿಕೆಟ್ ತಾಣದಲ್ಲಿ ಕಾಣುವುದು ಇದರ ಮುಖ್ಯ ಭಾಗ, ಅಷ್ಟೇ.

ಬೆಂಗಳೂರಿನವರು ಮೆಜೆಸ್ಟಿಕ್‌ನಿಂದ ಬಿಎಂಟಿಸಿಯ ವಾಯುವಜ್ರ ಹಿಡಿಯಬಹುದು. ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಟರ್ಮಿನಲ್ 2ರಿಂದ ಹೊರಡುತ್ತಿವೆ. ಡ್ರೈವರ್‌ಗೆ ಇದನ್ನು ಮುಂಚೆಯೇ ಹೇಳಿ.

ಅಲ್ಲಿ ಇಳಿದ ಮೇಲೆ ಹೊತ್ತು ಉಳಿಸುವುದು ಹೇಗೆ?

ಉಳಿಯುವ ವಿಳಾಸ, ಮಕ್ಕಳ ಫೋನ್ ನಂಬರ್, ವಾಪಸ್ ಟಿಕೆಟ್ ಮೂರನ್ನೂ ಕಾಗದದ ಮೇಲೆ ಬರೆದು ಕೈಚೀಲದಲ್ಲಿ ಇಡಿ. ಫೋನ್ ಚಾರ್ಜ್ ಮುಗಿದಿರುವ ಹೊತ್ತಿಗೇ ಅಧಿಕಾರಿ ಕೇಳುವುದು!

ಕಸ್ಟಮ್ಸ್‌ನಲ್ಲಿ ಜನ ಸಿಕ್ಕಿಹಾಕಿಕೊಳ್ಳುವುದು ತಿನ್ನುವ ಪದಾರ್ಥಕ್ಕೆ. ಹಸಿ ಕರಿಬೇವು ತಗೊಂಡು ಹೋಗಬೇಡಿ. ನಿಂಬೆ, ಕಿತ್ತಳೆ ಗಿಡಗಳಿಗೆ ರೋಗ ಹರಡುವ ಕೀಟ ಅದರಲ್ಲಿ ಇರಬಹುದೆಂದು ಅಲ್ಲಿ ತಡೆಯಿದೆ, ಕ್ಯಾಲಿಫೋರ್ನಿಯಾದ ತೋಟಗಾರರಿಗೆ ಅದು ದೊಡ್ಡ ಭಯ. ಅಕ್ಕಿಯೂ ಬೇಡ, ಹಸಿ ಹಣ್ಣೂ ಬೇಡ. ಚಟ್ನಿಪುಡಿ, ಸಾರಿನ ಪುಡಿ, ಉಪ್ಪಿನಕಾಯಿ ತಂದಿದ್ದೇವೆ ಅಂತ ಕೇಳಿದಾಗ ನೇರವಾಗಿ ಹೇಳಿಬಿಡಿ. ಹೇಳಿದರೆ ಹೆಚ್ಚೆಂದರೆ ತೆಗೆದು ನೋಡುತ್ತಾರೆ. ಮುಚ್ಚಿಟ್ಟರೆ ದಂಡ.

ಅಮ್ಮನಿಗೆ ಎಪ್ಪತ್ತು ದಾಟಿದೆ. ಇಷ್ಟು ಹೊತ್ತು ಕೂರುವುದಕ್ಕೆ ಆಗುತ್ತದಾ?

ಆಗುತ್ತದೆ, ತಯಾರಿ ಇದ್ದರೆ. ಪ್ರತಿವರ್ಷ ಎಷ್ಟೋ ಹಿರಿಯರು ಹೋಗಿ ಬರುತ್ತಾರೆ.

ವಿಮಾನದ ಒಳಗಿನ ಗಾಳಿ 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟು ತೆಳುವಾಗಿರುತ್ತದೆ. ನಮ್ಮ ಮುಳ್ಳಯ್ಯನಗಿರಿಯ ತುದಿ ಸುಮಾರು 1,930 ಮೀಟರ್. ಅಲ್ಲಿ 16 ಗಂಟೆ ಕೂತಿದ್ದ ಹಾಗೆ ಅಂದುಕೊಳ್ಳಿ. ಆರೋಗ್ಯವಾಗಿರುವವರಿಗೆ ಏನೂ ಆಗುವುದಿಲ್ಲ. ಹೃದಯದ, ಶ್ವಾಸಕೋಶದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಟಿಕೆಟ್ ಮಾಡಬಾರದು. ಗಾಳಿ ತುಂಬ ಒಣ, ಬಾಯಾರಿಕೆ ಆಗದಿದ್ದರೂ ನೀರು ಕುಡಿಯುತ್ತಿರಬೇಕು. ಬಾತ್‌ರೂಮಿಗೆ ಏಳಬೇಕಲ್ಲ ಅಂತ ನಮ್ಮ ಹೆಂಗಸರು ನೀರೇ ಕುಡಿಯದೆ ಕೂರುತ್ತಾರೆ. ಇದು ಒಳ್ಳೆಯದಲ್ಲ. ಏಳುವುದೇ ಬೇಕಾಗಿರುವುದು. ಒಂದೇ ಸಮನೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ. ಎರಡು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡಲಿ. ಅದಕ್ಕೇ ಅಂಚಿನ ಸೀಟು ತೆಗೆದುಕೊಡಿ, ಕಿಟಕಿಯದು ಬೇಡ.

ಮಾತ್ರೆಗಳು ಕೈಚೀಲದಲ್ಲೇ ಇರಬೇಕು, ಡಾಕ್ಟರ ಚೀಟಿ ಜೊತೆಗೆ. ಲಗೇಜ್ ಒಂದೆರಡು ದಿನ ತಡವಾಗಿ ಬರುವುದು ಅಪರೂಪವಲ್ಲ. ಇನ್ಸುಲಿನ್ ತಗೊಳ್ಳುವವರಿಗೆ ಹಗಲು ರಾತ್ರಿ ಅದಲುಬದಲಾದಾಗ ಯಾವ ಹೊತ್ತಿಗೆ ತಗೊಳ್ಳಬೇಕು ಅಂತ ಡಾಕ್ಟರೇ ಬರೆದು ಕೊಡಲಿ.

ವೀಲ್‌ಚೇರ್ ಕೇಳುವುದಕ್ಕೆ ಸಂಕೋಚ ಬೇಡ. ದೊಡ್ಡ ನಿಲ್ದಾಣಗಳಲ್ಲಿ ಒಂದು ಕಿಲೋಮೀಟರ್‌ಗಿಂತ ಜಾಸ್ತಿ ನಡೆಯಬೇಕಾಗಬಹುದು. ಟಿಕೆಟ್ ಮಾಡುವಾಗಲೇ ಹೇಳಿ. ಸಸ್ಯಾಹಾರದ ಊಟವನ್ನೂ ಆಗಲೇ ಬರೆಸಿ.

ಜೆಟ್ ಲ್ಯಾಗ್ ಎಷ್ಟು ದಿನ ಇರುತ್ತದೆ?

ನಿದ್ದೆ, ಹಸಿವು ಹೊಸ ಊರಿನ ಗಡಿಯಾರಕ್ಕೆ ಹೊಂದಿಕೊಳ್ಳದೆ ಒದ್ದಾಡುವುದೇ ಜೆಟ್ ಲ್ಯಾಗ್. ಹಗಲು ಪೂರ್ತಿ ರಾತ್ರಿ ಆಗುವ ಪ್ರಯಾಣ ಇದು. ಹೆಚ್ಚಿನವರಿಗೆ ಒಂದು ವಾರ, ಕೆಲವರಿಗೆ ಹತ್ತು ದಿನ. ಬೆಳಗಿನ ಬಿಸಿಲಿಗೆ ಹೊರಗೆ ಹೋಗಿ, ಮಧ್ಯಾಹ್ನ ಮಲಗಿದರೂ ಅರ್ಧ ಗಂಟೆಯಲ್ಲಿ ಎದ್ದುಬಿಡಿ. ತಲುಪಿದ ವಾರವೇ ಯೊಸೆಮಿಟಿ, ಲಾಸ್ ಏಂಜಲೀಸ್ ಅಂತ ಕಾರಿನಲ್ಲಿ ಕರೆದುಕೊಂಡು ಹೊರಡಬೇಡಿ ಎಂದು ಮಕ್ಕಳಿಗೆ ನನ್ನ ಕೋರಿಕೆ.

ಮಧ್ಯೆ ಏನಾದರೂ ಆದರೆ ಎಲ್ಲಿ ಇಳಿಸುತ್ತಾರೆ?

ದಾರಿ ಹಾಕುವಾಗಲೇ ತುರ್ತಿಗೆ ಇಳಿಯಬಹುದಾದ ನಿಲ್ದಾಣಗಳನ್ನೂ ಗುರುತು ಮಾಡಿರುತ್ತಾರೆ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ಏರ್ ಇಂಡಿಯಾ ವಿಮಾನದ ಒಂದು ಎಂಜಿನ್‌ನಲ್ಲಿ ದೋಷ ಕಂಡು ಅದನ್ನು ರಷ್ಯಾದ ಮಗದಾನ್‌ನಲ್ಲಿ ಇಳಿಸಿದರು. 216 ಪ್ರಯಾಣಿಕರು ಇದ್ದರು, ಎಲ್ಲರೂ ಕ್ಷೇಮ. ಬೇರೆ ವಿಮಾನ ಅಲ್ಲಿಗೇ ಹೋಗಿ ಅವರನ್ನು ಕರೆದೊಯ್ಯಿತು. ಅಂಥ ಸಣ್ಣ ಊರಿನಲ್ಲಿ ಒಂದು ದಿನಕ್ಕಿಂತ ಜಾಸ್ತಿ ಉಳಿಯಬೇಕಾಗಬಹುದು. ಕೈಚೀಲದಲ್ಲಿ ಒಂದು ಜೊತೆ ಬಟ್ಟೆ, ಸ್ವೆಟರ್, ಎರಡು ದಿನದ ಹೆಚ್ಚುವರಿ ಮಾತ್ರೆ ಇಡಿ ಎನ್ನುವುದು ಇದಕ್ಕೇ.

ಇದಕ್ಕಿಂತ ಉದ್ದದ ಹಾರಾಟ ಇದೆಯಾ?

ಇದೆ. ಸಿಂಗಾಪುರದಿಂದ ನ್ಯೂಯಾರ್ಕ್‌ಗೆ ಸಿಂಗಾಪುರ್ ಏರ್‌ಲೈನ್ಸ್ ಸುಮಾರು 15,350 ಕಿ.ಮೀ. ಹಾರುತ್ತದೆ, 18 ಗಂಟೆಗಿಂತ ಜಾಸ್ತಿ. ಬೋಯಿಂಗ್ 777-200ಎಲ್‌ಆರ್ 2005ರ ನವೆಂಬರ್‌ನಲ್ಲಿ ಹಾಂಗ್‌ಕಾಂಗ್‌ನಿಂದ ಪೂರ್ವದ ದಾರಿ ಹಿಡಿದು ಲಂಡನ್‌ಗೆ 21,602 ಕಿ.ಮೀ. ಹಾರಿ ದಾಖಲೆ ಮಾಡಿತ್ತು. ತಗೊಂಡ ಹೊತ್ತು 22 ಗಂಟೆ 42 ನಿಮಿಷ. ಅದು ಪರೀಕ್ಷೆಗಾಗಿ ಮಾಡಿದ ಹಾರಾಟ.

ಅಪ್ಪ ಅಮ್ಮ ಎಲ್ಲಿದ್ದಾರೆ ಅಂತ ಮನೆಯಲ್ಲಿ ಕೂತು ನೋಡಬಹುದಾ?

ನೋಡಬಹುದು. ಫ್ಲೈಟ್‌ರಾಡಾರ್24ರಂಥ ಆ್ಯಪ್‌ನಲ್ಲಿ ವಿಮಾನದ ನಂಬರ್ ಹಾಕಿದರೆ ನಕ್ಷೆಯ ಮೇಲೆ ಕಾಣುತ್ತದೆ. ಸಾಗರದ ಮಧ್ಯೆ, ಧ್ರುವದ ಹತ್ತಿರ ಕೆಲವು ಹೊತ್ತು ಗುರುತು ಮಾಯವಾಗಬಹುದು. ಅಲ್ಲಿ ನೆಲದ ಮೇಲೆ ಸಿಗ್ನಲ್ ಹಿಡಿಯುವ ಕೇಂದ್ರಗಳು ಇರುವುದಿಲ್ಲ, ಅಷ್ಟೇ. ಗಾಬರಿಯಾಗಬೇಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ. ಕರೆದುಕೊಂಡು ಬರುವುದಕ್ಕೆ ಹೋಗುವವರು ಟಿಕೆಟ್‌ನ ಹೊತ್ತಿನ ಬದಲು ಇದರಲ್ಲಿ ತೋರಿಸುವ ಹೊತ್ತಿಗೆ ಮನೆ ಬಿಡಿ, ಯಾಕೆಂದರೆ ಗಾಳಿ ಅನುಕೂಲವಾಗಿದ್ದ ದಿನ ವಿಮಾನ ಅರ್ಧ ಗಂಟೆ ಮುಂಚೆಯೇ ಇಳಿದಿರುತ್ತದೆ.